ತೂಕದ ರುದ್ರಸ್ವಾಮಿಯ ಮಣ್ಣು

“ಇನ್ನೊಂಚೂರು ಮೇಲಕ್ಕೆ ಎತ್ತಿ ಹಿಡ್ಕಳ್ರಪ್ಪ, ಕತ್ತು ವಾಲ್ತಾ ಅದೆ” ಎನ್ನುತ್ತ ಪಕ್ಕದ ಮನೆಯ ಶಿವನಂಜಪ್ಪ ಮಡಿಪಂಚೆಯ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದು ಗಂಟು ಹಾಕಿದ. ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದ ರುದ್ರಸ್ವಾಮಿಯ ಮೈ ಆಗ ನೆಟ್ಟಗಾಯಿತು. ಹಣೆ, ತೋಳು, ಎದೆಗೆಲ್ಲ ವಿಭೂತಿ ಬಳಿದಿದ್ದರು. ಗೊತ್ತಿಲ್ಲದವರು ನೋಡಿದ್ದರೆ ಮನುಷ್ಯ ಪೂಜೆಗೆ ಕೂತಿದ್ದಾನೆ, ಮಾತಾಡಿಸಬಾರದು ಎಂದುಕೊಂಡು ಹೊರಟುಹೋಗುತ್ತಿದ್ದರು.

ಹೆಂಡತಿ ಪುಟ್ಟಮಲ್ಲಮ್ಮ ಪಕ್ಕದಲ್ಲೇ ಕೂತಿದ್ದಳು. ನಿನ್ನೆ ಮಧ್ಯಾಹ್ನ ಗಂಡ ಕಣ್ಣು ಮುಚ್ಚಿದಾಗಿನಿಂದ ಅತ್ತು ಅತ್ತು ಅವಳಿಗೆ ಅಳುವೇ ಬತ್ತಿಹೋಗಿತ್ತು. ಈಗ ಉಳಿದಿದ್ದದ್ದು ಸಿಟ್ಟು. ಆಷಾಢದ ಸೋನೆಯಲ್ಲೂ ಪಿರಿಯಾಪಟ್ಟಣದ ಅರ್ಧ ಸಂತೆಯೇ ಬಂದು ಅಂಗಳದಲ್ಲಿ ನಿಂತಿತ್ತು. ಮೂರು ವರ್ಷ ಈ ಬೀದಿಗೆ ತಲೆ ಹಾಕದ ಹೊಗೆಸೊಪ್ಪಿನ ರೈತರೆಲ್ಲ ತಲೆಯ ಮೇಲೆ ಟವಲು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮಂಡಿ ಸಾಹುಕಾರ ಗಂಗಾಧರಪ್ಪ ಕೂಡ ಕೊಡೆ ಮಡಿಸಿಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದ. ಬದುಕಿದ್ದಾಗ ಹೆಂಗಿದ್ದೀಯಪ್ಪ ಅಂತ ಕೇಳದವರು ಮಣ್ಣಿಗೆ ಮಾತ್ರ ಕರೆಯದೆಯೇ ಬಂದಿದ್ದಾರೆ ಎಂದು ಅವಳು ಹಲ್ಲು ಕಚ್ಚಿದಳು.

“ಭೇರ್ಯದ ಗಾಡಿ ಬಂತು” ಎಂದು ಯಾರೋ ಕೂಗಿದರು.

ಪುಟ್ಟಮಲ್ಲಮ್ಮ ದಡಕ್ಕನೆ ಎದ್ದಳು. ಹೆಂಗಸರು ಸೆರಗು ಜಗ್ಗಿ ಕೂರಿಸಲು ನೋಡಿದರು, ಆಗಲಿಲ್ಲ. ಹೊಸಿಲಿಗೆ ಬಂದು ಬಾಗಿಲುವಾಡದ ಎರಡು ಕಡೆಗೂ ಕೈ ಕೊಟ್ಟು ನಿಂತುಬಿಟ್ಟಳು. ಗಾಡಿಯಿಂದ ಇಳಿದು ಬರುತ್ತಿದ್ದವನು ವೀರಭದ್ರಸ್ವಾಮಿ, ಸತ್ತವನ ಒಬ್ಬನೇ ತಮ್ಮ. ನಿನ್ನೆ ಸುದ್ದಿ ಮುಟ್ಟಿದ್ದೇ ಸಾಲಿಗ್ರಾಮದಲ್ಲಿ ಉಪ್ಪು ಹೇರಿಸಿಕೊಂಡು, ರಾತ್ರಿಯೆಲ್ಲ ನೆನೆಯುತ್ತ ಗಾಡಿ ಹೊಡೆದುಕೊಂಡು ಬಂದಿದ್ದ. ಹಿಂದೆ ಅವನ ಹೆಂಡತಿ ಯಶೋದಮ್ಮ ತಲೆ ತುಂಬ ಸೆರಗು ಹೊದ್ದು ಬರುತ್ತಿದ್ದಳು.

“ಅಲ್ಲೇ ನಿಂತ್ಕೊ, ವೀರಭದ್ರ.”

“ಅತ್ಗೆ...”

“ಅತ್ಗೆ ಅನ್ನೋದು ಆಮೇಲಾಯ್ತು. ಅವತ್ತು ಮಂಡೀಲಿ ನಿಮ್ಮಣ್ಣನ್ನ ಏನಂದೆ? ಇವರೆಲ್ಲ ಕೇಳ್ಲಿ, ಹೇಳು.”

ವೀರಭದ್ರಸ್ವಾಮಿ ಹೆಗಲ ಮೇಲಿನ ಒದ್ದೆ ಟವಲು ತೆಗೆದು ಹಿಂಡಿದ.

“ನಾನೇ ಹೇಳ್ಲಾ? ತಕ್ಕಡಿ ಕಳ್ಳ ಅಂದೆ. ಆ ಮಾತು ಸುಳ್ಳು ಅಂತ ಇಲ್ಲೇ ನಿಂತು ಹೇಳ್ಬುಟ್ಟು ಒಳಕ್ಕೆ ಬಾ. ಇಲ್ದಿದ್ರೆ ನಿನ್ನ ಕೈಮಣ್ಣು ಅವರ ಮೇಲೆ ಬೀಳಕೂಡ್ದು.”

ಅಂಗಳದಲ್ಲಿ ಗುಜುಗುಜು ಎದ್ದಿತು. ಒಳಗೆ ವಿಭೂತಿ ತಟ್ಟೆ ಹಿಡಿದಿದ್ದ ಮಠದ ಐನೋರು ಬಾಗಿಲಿಗೆ ಬಂದರು. “ತಾಯಿ, ಮಕ್ಕಳಿಲ್ಲದ ಮನೆ. ಗುಣಿಗೆ ಇಳಿದು ಕೂರಿಸಬೇಕಾದೋನು ಒಡಹುಟ್ಟಿದೋನೇ. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹೊತ್ತು ಬೇರೆ ಏರ್ತಾ ಅದೆ.”

“ಪದ್ಧತಿ ನನಗೂ ಗೊತ್ತು ಐನೋರೆ. ನೀವು ಅವರ ತಲೆ ಮೇಲೆ ಪಾದ ಇಡಿ, ಬ್ಯಾಡ ಅನ್ನಲ್ಲ. ಗುಣಿಗೆ ಇಳಿಯೋರು ಯಾರೂ ಇಲ್ಲ ಅಂದ್ರೆ ನಾನೇ ಸೆರಗು ಕಟ್ಕೊಂಡು ಇಳೀತೀನಿ.”

ವೀರಭದ್ರಸ್ವಾಮಿಯ ಕಣ್ಣು ತುಂಬಿ ಬಂತು. ಆದರೆ ಆ ಮನೆತನದ ಹಟ ಅವನಲ್ಲೂ ಇತ್ತು. “ಅತ್ಗೆ, ಅಣ್ಣ ಹೋದ್ರು ಅಂದಾಗಿಂದ ನನ್ನ ಗಂಟಲಲ್ಲಿ ನೀರಿಳಿದಿಲ್ಲ. ನಿಮ್ಮ ಕಾಲು ಹಿಡ್ಕೊ ಅನ್ನಿ, ಈಗ್ಲೇ ಹಿಡ್ಕೋತೀನಿ. ಹೆಣದ ಮುಂದೆ ಸುಳ್ಳು ಹೇಳು ಅಂತ ಮಾತ್ರ ಅನ್ಬೇಡಿ. ಅವತ್ತು ನನ್ನ ಸೊಪ್ಪು ಕಮ್ಮಿ ತೂಗಿದ್ದು ದಿಟ. ಯಾಕಣ್ಣ ಅಂದ್ರೆ ಭೂಮಿ ಎಳೆಯೋದು ಕಮ್ಮಿ ಅಂದ್ರು. ಅದನ್ನ ಹೆಂಗೆ ನುಂಗ್ಲಿ ನಾನು?”

“ಹಂಗಾದ್ರೆ ಅಲ್ಲೇ ನಿಂತಿರು” ಎಂದಳು ಪುಟ್ಟಮಲ್ಲಮ್ಮ. ಹೊಸಿಲು ಬಿಟ್ಟು ಅಲ್ಲಾಡಲಿಲ್ಲ.

*

ಆ ಭೂಮಿಯ ಮಾತು ಈ ಮನೆಗೆ ಬಂದದ್ದು ಐವತ್ನಾಲ್ಕನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ. ಸೊಪ್ಪಿನ ಸುಗ್ಗಿ ಮುಗಿದು ಮಂಡಿಯ ತಕ್ಕಡಿಗೆ ಕೆಲಸವಿರಲಿಲ್ಲ. ಅದೇ ಹೊತ್ತಿಗೆ ಸರ್ಕಾರದ ಸರ್ವೆ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ಮೈಸೂರಿನವರು, ಕನ್ನಡಕದ ಸಣಕಲು ಆಸಾಮಿ. ಅವರ ಹತ್ತಿರ ಫ್ಲಾಸ್ಕಿನಂಥ ಒಂದು ಯಂತ್ರವಿತ್ತು. ಅದಕ್ಕೆ ಅಲುಗಾಟವೆಂದರೆ ಆಗದು. ಜೀಪಿನಲ್ಲಿ ಯಾರಾದರೂ ಅದನ್ನು ತೊಡೆಯ ಮೇಲೆ ದಿಂಬಿನ ಸಮೇತ ಇಟ್ಟುಕೊಂಡು, ಹಸುಗೂಸಿನ ಹಾಗೆ ಹಿಡಿದುಕೊಂಡೇ ಬರಬೇಕು. ಕೈ ನಡುಗದ ಒಬ್ಬ ಆಳು ಬೇಕು ಎಂದು ಸಾಹೇಬರು ಕೇಳಿದರು. ಗಂಗಾಧರಪ್ಪ ತನ್ನ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ರುದ್ರಸ್ವಾಮಿಯನ್ನು ಕಳಿಸಿದ.

ಹುಣಸೂರು, ಕೋಟೆ, ಭೇರ್ಯ, ಅತ್ತ ಕೊಡಗಿನ ಗಡಿಯವರೆಗೂ ರುದ್ರಸ್ವಾಮಿ ಆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿದ. ಮೈಲಿಕಲ್ಲಿನ ಹತ್ತಿರ, ದೇವಸ್ಥಾನದ ಜಗಲಿಯ ಮೇಲೆ, ಸೇತುವೆಯ ಪಕ್ಕ ಹೀಗೆ ಕೆಲವು ಮೈಲಿಗೊಮ್ಮೆ ಜೀಪು ನಿಲ್ಲುತ್ತಿತ್ತು. ಯಂತ್ರವನ್ನು ನೆಲದ ಮೇಲೆ ಕೂರಿಸಿ, ತಿರುಪು ತಿರುಗಿಸಿ ಮಟ್ಟ ಮಾಡಿ, ಸಾಹೇಬರು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದರು. ಆಗ ಯಾರೂ ಹೆಜ್ಜೆ ಎತ್ತುವಂತಿಲ್ಲ. ಒಂದು ಸಲ ಎಮ್ಮೆಯೊಂದು ಪಕ್ಕದಲ್ಲಿ ಧಡಧಡ ಓಡಿ ಇಡೀ ಲೆಕ್ಕ ಕೆಟ್ಟು, ಸಾಹೇಬರು ಎಮ್ಮೆಗೆ ಇಂಗ್ಲಿಷಿನಲ್ಲಿ ಬೈದಿದ್ದರು. ಸಂಜೆ ಎಷ್ಟೇ ಹೊತ್ತಾಗಲಿ, ಬೆಳಿಗ್ಗೆ ಹೊರಟ ಬಂಗಲೆಯ ಮೆಟ್ಟಿಲಿಗೇ ವಾಪಸು ಬಂದು ಇನ್ನೊಂದು ಸಲ ನೋಡಲೇಬೇಕು. ಯಂತ್ರವೂ ದಿನವೆಲ್ಲ ದುಡಿದು ದಣಿಯುತ್ತದೆ, ಎಷ್ಟು ದಣಿದಿದೆ ಎಂದು ತಿಳಿಯಬೇಕಾದರೆ ಹೊರಟ ಜಾಗದಲ್ಲೇ ಕೇಳಬೇಕು ಎನ್ನುತ್ತಿದ್ದರು ಸಾಹೇಬರು.

ಊರ ಬಾಯಿಗೆ ಮುಚ್ಚಳ ಉಂಟೆ? ಚಿನ್ನದ ಗಣಿ ಅಂದರು, ಅಣೆಕಟ್ಟು ಅಂದರು, ಪಾಳೇಗಾರರ ನಿಧಿ ಅಂದರು. ಪುಟ್ಟಮಲ್ಲಮ್ಮನಿಗೂ ತಡೆಯಲಾಗಲಿಲ್ಲ. ಒಂದು ದಿನ ಗಂಡನಿಗೆ ಮುದ್ದೆ ಬಡಿಸುತ್ತ ಕೇಳಿಯೇಬಿಟ್ಟಳು.

“ಏನ್ರೀ ಅದು, ನೀರು ನೋಡ್ತದಾ, ಚಿನ್ನ ನೋಡ್ತದಾ?”

“ಎರಡೂ ಇಲ್ಲ ಕಣೆ. ಭೂಮಿ ನಮ್ಮನ್ನ ಎಷ್ಟು ಜೋರಾಗಿ ಎಳ್ಕೋತದೆ ಅನ್ನೋದ ನೋಡ್ತದೆ. ಮರಕ್ಕೆ ತೊಗಟೆ ಇದ್ದಂಗೆ ಭೂಮಿಗೂ ತೊಗಟೆ ಅದಂತೆ. ಅದು ಎಲ್ಲೆಲ್ಲಿ ಎಷ್ಟು ದಪ್ಪ ಅಂತ ಸಾಹೇಬ್ರು ಲೆಕ್ಕ ಹಾಕ್ತಾವ್ರೆ.”

“ಅಗೆದು ನೋಡ್ದೇನೇ?”

“ಅಷ್ಟು ಆಳ ಯಾರು ಅಗೀತಾರೆ? ಮೈಲಿಗಟ್ಟಲೆ ಕೆಳಗೆ! ಸಾಲಿಗ್ರಾಮದ ಹೊಳೇಲಿ ಹರಿಗೋಲು ನೋಡಿದ್ದೀಯಲ್ಲ, ಹೇರು ಜಾಸ್ತಿ ಆದಷ್ಟೂ ತಳ ನೀರೊಳಕ್ಕೆ ಇಳೀತದೆ. ಕೊಡಗಿನ ಬೆಟ್ಟದ ಬುಡದಲ್ಲೂ ತೊಗಟೆ ಅಂಗೇ ದಪ್ಪಗೆ ಕೆಳಕ್ಕೆ ಇಳ್ದಿರ್ತದಂತೆ. ತೊಗಟೆ ಕಲ್ಲು ಹಗುರ, ಅದರ ಕೆಳಗಿರೋ ಕಲ್ಲು ಭಾರ. ಹಗುರ ಇರೋದು ದಪ್ಪಗಿದ್ರೆ ಎಳೆತ ಒಂದು ಕೂದಲೆಳೆ ಕಮ್ಮಿ. ಆ ಕೂದಲೆಳೆ ಹಿಡಿಯೋಕೆ ಈ ಯಂತ್ರ.”

“ಅಂದ್ರೆ ಮಡಿಕೇರಿಗೆ ಹೋದ್ರೆ ನಾನು ಹಗುರ ಆಗ್ತೀನಾ?”

“ಆಗ್ತೀಯ. ನಾಲ್ಕು ಹುಣಸೆಬೀಜದಷ್ಟು.”

“ಹಂಗಾದ್ರೆ ಅಲ್ಲೇ ಮನೆ ಮಾಡಿ. ನಿಮಗೂ ನನ್ನ ಭಾರ ಕಮ್ಮಿ ಆಗ್ಲಿ.”

ರುದ್ರಸ್ವಾಮಿಗೆ ನಗು ಬಂದು ಸಾರು ನೆತ್ತಿಗೆ ಹತ್ತಿತು. ಅವಳೇ ತಲೆ ತಟ್ಟಿ ನೀರು ಕೊಟ್ಟಳು. ನಗು ನಿಂತ ಮೇಲೆ ಅವಳಿಗೆ ಇನ್ನೊಂದು ಅನುಮಾನ ಬಂತು. “ಅಲ್ಲಾ, ಊರಿಂದೂರಿಗೆ ತೂಕ ಬೇರೆ ಆದ್ರೆ ನಿಮ್ಮ ತಕ್ಕಡಿ ಸುಳ್ಳು ಹೇಳ್ತದೆ ಅಂತ ಆಯ್ತಲ್ಲ?”

“ನನಗೂ ಎದೆ ಧಸಕ್ಕಂತು ಕಣೆ, ಮೊದ್ಲು ಅದನ್ನೇ ಕೇಳ್ದೆ. ಸಾಹೇಬ್ರು ನಕ್ರು. ತಕ್ಕಡಿಯ ಒಂದು ತಟ್ಟೇಲಿ ಕಲ್ಲು, ಇನ್ನೊಂದರಲ್ಲಿ ಸೊಪ್ಪು. ಎಳೆತ ಕಮ್ಮಿ ಆದ್ರೆ ಎರಡಕ್ಕೂ ಕಮ್ಮಿ, ಜಾಸ್ತಿ ಆದ್ರೆ ಎರಡಕ್ಕೂ ಜಾಸ್ತಿ. ಮಡಿಕೇರೀಲಿ ತೂಗು, ಮೈಸೂರಲ್ಲಿ ತೂಗು, ಮುಳ್ಳು ಅಲ್ಲಾಡಲ್ಲ ಅಂದ್ರು. ಅವರ ಯಂತ್ರದೊಳಗೆ ಸ್ಪ್ರಿಂಗು ಅದೆ, ಅದಕ್ಕೆ ಮಾತ್ರ ಗೊತ್ತಾಗೋದಂತೆ.” ಇಷ್ಟು ಹೇಳಿ ಅವನು ನೆಮ್ಮದಿಯಿಂದ ಇನ್ನೊಂದು ಮುದ್ದೆ ಹಾಕಿಸಿಕೊಂಡ.

*

ಮರುವರ್ಷದ ಸುಗ್ಗಿಯಲ್ಲಿ ಮಂಡಿಯವರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿದರು. ಕೆಲವರು ತೂಕ ಹೆಚ್ಚಲಿ ಎಂದು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ನೆನೆದ ಒಂದು ಮೂಟೆ ಬೂಷ್ಟು ಹಿಡಿದರೆ ಇಡೀ ರಾಶಿಯೇ ಹಾಳು. ಹಾಗಾಗಿ ನೀರು ಹಾಕಿದ್ದು ಕಂಡುಬಂದರೆ ಆ ರೈತನ ಗಾಡಿಯನ್ನು ಇನ್ನು ಯಾವ ಮಂಡಿಯೂ ಇಳಿಸಿಕೊಳ್ಳಬಾರದು ಎಂದು ತೀರ್ಮಾನವಾಯಿತು. ಸೊಪ್ಪನ್ನೇ ನಂಬಿದ ಮನೆಗೆ ಅದು ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಆ ಸಲ ಭೇರ್ಯದಿಂದ ವೀರಭದ್ರಸ್ವಾಮಿ ಹೆಂಡತಿಯ ಜೊತೆ ಸೊಪ್ಪು ಹೇರಿಕೊಂಡು ಬಂದ. ಊರಲ್ಲೇ ತೂಗಿಸಿಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ಸುಡು ಬಿಸಿಲು. ಪುಟ್ಟಮಲ್ಲಮ್ಮ ಎಂದಿನಂತೆ ಗಂಡನಿಗೆ ಬುತ್ತಿ ತೆಗೆದುಕೊಂಡು ಮಂಡಿಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಜೋರು ಮಾತು ಎದ್ದಿತ್ತು.

“ಹತ್ತು ಮಣ ಇದ್ದದ್ದು ಒಂಬತ್ತೂವರೆ ಹೆಂಗಾಗ್ತದಣ್ಣ? ನನ್ನ ಕಣ್ಣಾರೆ ತೂಗಿಸಿವ್ನಿ!”

ಜನದ ಬೆನ್ನುಗಳ ಸಂದಿಯಿಂದ ಅವಳಿಗೆ ಕಂಡದ್ದು ಇಷ್ಟೇ. ರುದ್ರಸ್ವಾಮಿ ಒಂದು ಮೂಟೆಯ ಬಾಯಿ ಸಡಿಲಿಸಿ ಮೊಳಕೈವರೆಗೂ ಒಳಗೆ ಕೈ ಹಾಕಿದ್ದ. ಹಾಗೇ ಒಂದು ಗಳಿಗೆ ನಿಂತ. ತಲೆ ಎತ್ತಿ ತಮ್ಮನ ಕಡೆ, ತಮ್ಮನ ಹಿಂದೆ ಗಾಡಿಯ ಕಡೆ ನೋಡಿದ. ಆಮೇಲೆ ಕೈ ಹೊರಗೆಳೆದು ಪಂಚೆಗೆ ಒರೆಸಿಕೊಂಡ.

“ಭೇರ್ಯವೇ ಬೇರೆ, ಪಿರಿಯಾಪಟ್ಟಣವೇ ಬೇರೆ ಕಣಪ್ಪ” ಎಂದ. “ಇದು ಬೆಟ್ಟದ ಮಗ್ಗುಲು. ಇಲ್ಲಿ ಭೂಮಿ ಎಳೆಯೋದು ಕಮ್ಮಿ. ಸಾಹೇಬ್ರ ಯಂತ್ರದಲ್ಲೇ ತೋರ್ಸಿತ್ತು.”

ಮಂಡಿಯೆಲ್ಲ ಘೊಳ್ಳೆಂದಿತು. ಗದ್ದಿಗೆಯ ಮೇಲಿದ್ದ ಗಂಗಾಧರಪ್ಪನೂ ನಕ್ಕ. ನಗುನಗುತ್ತಲೇ ಒಬ್ಬ ರೈತ, “ಅಂಗಾದ್ರೆ ಇಷ್ಟು ವರ್ಷ ನಮ್ಮ ಸೊಪ್ಪೂ ಇಲ್ಲಿ ಕಮ್ಮೀನೇ ತೂಗ್ತಿತ್ತು ಅನ್ನು” ಎಂದ. ಆಗ ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ, ಈ ಮನುಷ್ಯನಿಗೆ ಎಲ್ಲಿ ಎಳೆತ ಕಮ್ಮಿ ಎಂದು ಗೊತ್ತಿದೆ, ಗೊತ್ತಿದ್ದೂ ಇಲ್ಲೇ ತೂಗಿದ್ದಾನೆ! ಬೆಂಕಿ ಹತ್ತಿಕೊಳ್ಳಲು ಅಷ್ಟು ಸಾಕಾಯಿತು. ಎಲ್ಲರಿಗಿಂತ ಮೊದಲು ಕೂಗಿದವನು ಒಡಹುಟ್ಟಿದವನೇ.

“ತಕ್ಕಡಿ ಕಳ್ಳ! ನನಗೂ ಟೋಪಿ ಹಾಕ್ದಲ್ಲಣ್ಣ!”

ರುದ್ರಸ್ವಾಮಿ ಮೂಟೆಯ ಬಾಯಿ ಕಟ್ಟಿ ಪಕ್ಕಕ್ಕೆ ಸರಿಸಿದ. ಆ ದಿನ ದೀಪ ಹಚ್ಚುವ ಹೊತ್ತು ಮೀರಿ ಮನೆಗೆ ಬಂದ. ಕೈಗೆಲ್ಲ ಸೊಪ್ಪಿನ ಅಂಟು. ಎಲ್ಲಿದ್ದಿರಿ ಅಂದರೆ, “ವೀರಭದ್ರನ ಮೂಟೆ ಬಿಚ್ಚಿ ಹರವಿ ಬಂದೆ, ಗಾಳಿ ಆಡ್ಲಿ ಅಂತ” ಎಂದ. ಬೀದಿಯಲ್ಲಿ ಕಳ್ಳ ಅನ್ನಿಸಿಕೊಂಡು ಬಂದು ಅವನ ಸೊಪ್ಪನ್ನೇ ಹರವುತ್ತ ಕೂತಿದ್ದೀರಲ್ಲ, ನಿಮಗೆ ಮಾನ ಇದೆಯಾ ಎಂದು ಅವಳು ರೇಗಿದ್ದಳು.

ಮರುದಿನವೇ ಗಂಗಾಧರಪ್ಪ ತೂಕಕ್ಕೆ ಬೇರೆಯವನನ್ನು ಕೂರಿಸಿದ. ರುದ್ರಸ್ವಾಮಿ ಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ತುಂಬುವ ಕೆಲಸ ಹಿಡಿದ. ಬೆಂಕಿಯ ಮುಂದೆ ಕೂತು ಕೂತು ಎದೆ ಕೆಟ್ಟಿತು. ಬೀದಿಯಲ್ಲಿ ಹೋದರೆ ಪಡ್ಡೆಹುಡುಗರು “ಭೂಮಿ ತೂಗೋನು ಬಂದ, ಕಾಲು ಊರ್ಬೇಡ್ರೋ” ಎಂದು ಕುಂಟುತ್ತಿದ್ದರು.

“ತಕ್ಕಡಿಗೆ ಅದು ಗೊತ್ತಾಗಲ್ಲ ಅಂತ ನೀವೇ ನನಗೆ ಹೇಳಿದ್ರಿ. ಗೊತ್ತಿದ್ದೂ ಯಾಕ್ರೀ ಅಂಗಂದ್ರಿ?” ಎಂದು ಅವಳು ಎಷ್ಟು ಸಲ ಕೇಳಿದ್ದಳೋ.

“ಆ ಹೊತ್ಗೆ ಬಾಯಿಗೆ ಅದೇ ಬಂತು ಕಣೆ, ಬುಡು” ಎನ್ನುವುದು ಬಿಟ್ಟು ಅವನು ಬೇರೆ ಹೇಳಲಿಲ್ಲ. ಹುಟ್ಟಿ ಸುಳ್ಳಾಡದ ಮನುಷ್ಯ ಆಡಿದ ಒಂದೇ ಒಂದು ಸುಳ್ಳು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು.

*

ಹೊಸಿಲಿನ ಈಚೆ ಅತ್ತಿಗೆ, ಆಚೆ ಮೈದುನ. ಯಾರೂ ಸೋಲುವ ಹಾಗೆ ಕಾಣಲಿಲ್ಲ. ಶಿವನಂಜಪ್ಪನಿಗೆ ಸಾಕಾಗಿಹೋಯಿತು. “ಇವರ ವ್ಯಾಜ್ಯ ಇವತ್ಗೆ ಮುಗಿಯಲ್ಲ. ಉಪ್ಪನಾದ್ರೂ ಇಳಿಸ್ರಪ್ಪ” ಎಂದು ಇಬ್ಬರು ಆಳುಗಳನ್ನು ಗಾಡಿಗೆ ಕಳಿಸಿದ. ಗುಣಿಯಲ್ಲಿ ಕೂರಿಸಿದ ಮೇಲೆ ಹೆಣದ ಸುತ್ತಲೂ ತುಂಬಲು ಉಪ್ಪು ಬೇಕೇಬೇಕಿತ್ತು.

ಯಶೋದಮ್ಮ ಈ ಗದ್ದಲದಲ್ಲಿ ಪಕ್ಕದ ಹಟ್ಟಿಬಾಗಿಲಿನಿಂದ ಒಳಗೆ ಬಂದು ಭಾವನ ಕಾಲ ಹತ್ತಿರ ತಲೆ ಬಗ್ಗಿಸಿ ಕೂತಿದ್ದಳು. ಅವಳ ಮೇಲೆ ಪುಟ್ಟಮಲ್ಲಮ್ಮನಿಗೆ ಸಿಟ್ಟಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದವಳು.

ಗಾಡಿಯ ಹತ್ತಿರ ಆಳುಗಳು ಏದುಸಿರು ಬಿಟ್ಟರು. “ಇದೇನ್ರಣ್ಣ, ಎರಡು ಮಣ ಅಂದ್ರಿ. ಎತ್ತಕ್ಕೇ ಆಗ್ತಿಲ್ವಲ್ಲ!”

“ಎರಡೇ ಮಣ. ಸಾಲಿಗ್ರಾಮದ ಅಂಗಡೀಲಿ ನನ್ನ ಕಣ್ಮುಂದೇನೇ ತೂಗವ್ರೆ” ಎಂದ ವೀರಭದ್ರಸ್ವಾಮಿ.

“ಸಾಲಿಗ್ರಾಮದ ತೂಕ ಅಲ್ಲಿಗೆ. ಇವತ್ತು ಇಲ್ಲಿ ಭೂಮಿ ಜೋರಾಗಿ ಎಳೀತಾ ಅದೆ ಅನ್ನು” ಎಂದು ಅಂಗಳದಲ್ಲಿ ಯಾವನೋ ಕಿಸಕ್ಕೆಂದ. ಒಂದಿಬ್ಬರು ಮೂಗಿನಲ್ಲಿ ನಕ್ಕರು.

“ಬಾಯ್ಮುಚ್ರೋ ಅಯೋಗ್ಯರಾ! ಹೆಣ ಮುಂದಿಟ್ಕೊಂಡು ಕೀಟಲೆಯಾ?” ಎಂದು ಶಿವನಂಜಪ್ಪ ಗದರಿದ. “ಭೂಮಿನೂ ಇಲ್ಲ ಗೀಮಿನೂ ಇಲ್ಲ. ಉಪ್ಪು ರಾತ್ರಿಯೆಲ್ಲ ನೀರು ಕುಡ್ದದೆ. ಬೇಕಾದ್ರೆ ಚೀಲದೊಳಕ್ಕೆ ಕೈ ಇಕ್ಕಿ ನೋಡು. ಇದೇ ನಾಳೆ ಬಿಸಿಲಲ್ಲಿ ಒಣಗಿದ್ರೆ ಮತ್ತೆ ಎರಡೇ ಮಣ.”

ವೀರಭದ್ರಸ್ವಾಮಿ ಚೀಲದೊಳಗೆ ಕೈ ಹಾಕಿದ. ಹಾಕಿದ ಕೈಯನ್ನು ತೆಗೆಯಲಿಲ್ಲ. ಹಾಗೇ ನಿಂತುಬಿಟ್ಟ.

ಅವನು ನಿಂತದ್ದನ್ನು ನೋಡಿದ ಪುಟ್ಟಮಲ್ಲಮ್ಮ ಬಾಗಿಲುವಾಡದಿಂದ ಕೈ ತೆಗೆದಳು. ಮೊಳಕೈವರೆಗೂ ಮೂಟೆಯೊಳಗೆ ಕೈ ಹಾಕಿ ಹೀಗೇ ನಿಂತ ಇನ್ನೊಬ್ಬನನ್ನು ಅವಳು ನೋಡಿದ್ದಳು. ಒಂದು ಹಗಲು ಬಿಸಿಲು, ಅರ್ಧ ಮಣ ಕಡಿಮೆ, ಗಾಳಿ ಆಡಲಿ ಎಂದು ಹರವಿದ ಸೊಪ್ಪು. ಅಯ್ಯೋ ಶಿವನೇ! ಸೊಪ್ಪಿನಲ್ಲಿ ನೀರಿತ್ತು, ದಾರಿಯ ಬಿಸಿಲಿಗೆ ಮೇಲೆ ಒಣಗಿ ತೂಕ ಇಳಿದಿತ್ತು, ಮೂಟೆಯ ಒಳಗಿನ್ನೂ ಒದ್ದೆ ಉಳಿದಿತ್ತು. ಅದು ಗೊತ್ತಾಗಿಯೇ ಈ ಪುಣ್ಯಾತ್ಮ ತಪ್ಪನ್ನು ಭೂಮಿಯ ಮೇಲೆ ಹಾಕಿದ್ದ. ತಮ್ಮನ ಗಾಡಿಗೆ ಮಂಡಿಯ ಬಾಗಿಲು ಮುಚ್ಚಬಾರದು ಎಂದು ತನ್ನ ಹೆಸರನ್ನು ಬೀದಿಗೆ ಎಸೆದು ಬಂದಿದ್ದ.

ಅವಳು ಗಿರಕ್ಕನೆ ಒಳಗೆ ತಿರುಗಿದಳು. ಯಶೋದಮ್ಮನ ಮುಖ ಬಿಳುಚಿಕೊಂಡಿತ್ತು. ಅವಳೇ ಎದ್ದು ಬಂದು ಪುಟ್ಟಮಲ್ಲಮ್ಮನ ಕೈ ಹಿಡಿದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

“ಅಕ್ಕಾ, ಸೊಪ್ಪು ಒಣಗಿ ಮುಟ್ಟಿದ್ರೆ ಪುಡಿ ಆಗ್ತಿತ್ತು. ಮೆದುವಾಗ್ಲಿ ಅಂತ ಗೋಣಿತಾಟು ನೆನೆಸಿ ಹೊದಿಸ್ದೆ. ನೀರು ಜಾಸ್ತಿ ಆಗ್ಬುಡ್ತು. ಅವರಿಗೆ ಗೊತ್ತಿಲ್ಲ ಅಕ್ಕಾ, ತೂಗೋ ಹಿಂದಿನ ದಿನ ಅವರು ಊರಲ್ಲೇ ಇರ್ಲಿಲ್ಲ. ಭಾವನೋರು ಮೂಟೆಗೆ ಕೈ ಇಕ್ಕಿದೋರೇ ಗಾಡೀಲಿದ್ದ ನನ್ನ ಮೊಖ ನೋಡಿದ್ರು. ನಾನು ಸತ್ತೇಹೋದೆ ಅನ್ಕೊಂಡೆ. ಅಷ್ಟ್ರಲ್ಲಿ ಅವರು ಭೂಮಿ ಅಂದ್ಬುಟ್ರು.”

ಪುಟ್ಟಮಲ್ಲಮ್ಮ ಕೈ ಕೊಸರಿಕೊಂಡಳು. ಮೂರು ವರ್ಷ! ಇವಳು ಬಾಯಿ ಬಿಟ್ಟಿದ್ದರೆ ಆ ಜೀವ ಬ್ಯಾರನ್ನಿನ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಸಾಯುತ್ತಿತ್ತೇ? ಅಂಗಳದಲ್ಲಿ ಇಡೀ ಸಂತೆ ನಿಂತಿದೆ, ಜಗಲಿಯ ಮೇಲೆ ಗಂಗಾಧರಪ್ಪ ಇದ್ದಾನೆ. ಒಂದು ಮಾತು, ಒಂದೇ ಒಂದು ಮಾತು ಕೂಗಿ ಹೇಳಿದರೆ ಸಾಕು. ಗಂಡನ ಹೆಸರು ತೊಳೆದಿಟ್ಟ ಹಾಗಾಗುತ್ತದೆ. ಅವಳು ಬಾಯಿ ತೆರೆದೂ ತೆರೆದಳು.

ಗೋಡೆಗೆ ಒರಗಿ ಕೂತ ರುದ್ರಸ್ವಾಮಿ ಎದುರಿಗೇ ಇದ್ದ. ಎಷ್ಟು ಸಲ ಕೇಳಿದರೂ ಹೆಂಡತಿಗೂ ಹೇಳದೆ ಬಿಗಿ ಹಿಡಿದುಕೊಂಡಿದ್ದ ಮಾತು ಅದು. ಇದೊಂದನ್ನು ಕಾಪಾಡುವುದಕ್ಕೆ ಅವನು ಇದ್ದದ್ದನ್ನೆಲ್ಲ ಕೊಟ್ಟಿದ್ದ. ಅದನ್ನು ಅವನ ಹೆಣದ ಮುಂದೆಯೇ ತಾನು ಬೀದಿಗೆ ಹಾಕಿದರೆ, ಅವನು ಪಟ್ಟ ಪಾಡೆಲ್ಲ ಯಾತಕ್ಕೆ ಬಂತು? ‘ಎಂಥ ಗಂಡಸಪ್ಪ ನೀನು, ನನ್ನ ಬಾಯಿಗೂ ಬೀಗ ಹಾಕಿ ಹೋದೆಯಲ್ಲ’ ಎಂದುಕೊಳ್ಳುತ್ತಲೇ ಅವಳಿಗೆ ಮತ್ತೆ ಅಳು ಒತ್ತಿಕೊಂಡು ಬಂತು.

ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. “ವೀರಭದ್ರ, ಬಾ. ನೀನೇನೂ ಹೇಳೋದು ಬ್ಯಾಡ. ನಿಮ್ಮಣ್ಣನ್ನ ಎತ್ಕೊ.”

ಜನ ಮುಖ ಮುಖ ನೋಡಿಕೊಂಡರು. ಹಟಮಾರಿ ಹೆಂಗಸು ಯಾಕೆ ಸೋತಳೋ ಯಾರಿಗೂ ತಿಳಿಯಲಿಲ್ಲ. ತಕ್ಕಡಿ ಕಳ್ಳ ಎನ್ನುವ ಮಾತು ಹಾಗಾದರೆ ನಿಜವೇ ಇರಬೇಕು ಎಂದು ಹಿಂದೆ ನಿಂತ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ಅವಳಿಗೆ ಕೇಳಿಸಿತು. ಕೇಳಿಸಿದರೂ ಸುಮ್ಮನಿದ್ದಳು. ಇದಕ್ಕಿಂತ ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ವೀರಭದ್ರಸ್ವಾಮಿ ಒಳಗೆ ಬಂದ. ಅಣ್ಣನ ಪಾದಕ್ಕೆ ಹಣೆ ಮುಟ್ಟಿಸಿ ಎದ್ದವನು ಹೆಂಡತಿಯ ಕಡೆ ನೋಡಿದ. ಯಶೋದಮ್ಮ ಕಣ್ಣೆತ್ತಲಿಲ್ಲ. ಅವನ ಕೈ ಇನ್ನೂ ಉಪ್ಪುನೀರಿನಿಂದ ಒದ್ದೆಯಾಗಿತ್ತು.

*

ಐನೋರು ಪಾದವಿಟ್ಟರು. ಬಾಳೆಕಂದು ಕಟ್ಟಿದ, ಹೆಣ ಹೊರುವ ವಿಮಾನದಲ್ಲಿ ರುದ್ರಸ್ವಾಮಿಯನ್ನು ಕೂರಿಸಿ, ಹರಹರ ಮಹಾದೇವ ಎನ್ನುತ್ತ ಸೋನೆಯಲ್ಲೇ ಹೊರಟರು. ಊರಾಚೆಯ ಹೊಲದಲ್ಲಿ ಗುಣಿ ತೋಡಿ, ಒಳಗೆ ಗೂಡು ತೆಗೆದಿದ್ದರು. ಎದುರಿಗೆ ಮೋಡ ಮುಚ್ಚಿದ ಕೊಡಗಿನ ಬೆಟ್ಟಗಳು ಮಸುಕುಮಸುಕಾಗಿ ಕಾಣುತ್ತಿದ್ದವು.

ವೀರಭದ್ರಸ್ವಾಮಿ ಗುಣಿಗೆ ಇಳಿದ. ಮೇಲಿನಿಂದ ನಾಲ್ಕು ಜನ ಬಿಟ್ಟುಕೊಟ್ಟ ಅಣ್ಣನ ಮೈಯನ್ನು ಎದೆಗೆ ಒತ್ತಿ ಹಿಡಿದು, ಗೂಡಿನಲ್ಲಿ ಕೂರಿಸಿ, ವಾಲದ ಹಾಗೆ ಎರಡು ಕೈಯಲ್ಲೂ ಆನಿಸಿಕೊಂಡ. ಐನೋರು ಹೇಳಿದಂತೆ ಅಂಗೈಯಲ್ಲಿ ಲಿಂಗವಿಟ್ಟ. ಬಿಲ್ವಪತ್ರೆ, ವಿಭೂತಿ, ಆಮೇಲೆ ಉಪ್ಪು. ಉಪ್ಪು ಎದೆಮಟ್ಟಕ್ಕೆ ಬಂದ ಮೇಲೆ ಕೈ ಬಿಡಬಹುದಿತ್ತು.

“ಸಾಕು ವೀರಭದ್ರ, ಮೇಲಕ್ಕೆ ಬಾ. ಮಣ್ಣು ಹಾಕ್ಬೇಕು” ಎಂದು ಶಿವನಂಜಪ್ಪ ಕೈ ನೀಡಿದ.

ಅವನು ಕೈ ಹಿಡಿಯಲಿಲ್ಲ. ಗುಣಿಯೊಳಗಿನಿಂದಲೇ ತಲೆ ಎತ್ತಿ, “ಗಂಗಾಧರಪ್ಪನೋರೆ” ಎಂದು ಕೂಗಿದ.

ಸಾಹುಕಾರ ಒಂದು ಹೆಜ್ಜೆ ಮುಂದೆ ಬಂದ.

“ಅವತ್ತು ನನ್ನ ಸೊಪ್ಪಿಗೆ ನೀರು ಹಾಕಿದ್ದೆ. ನಾನೇ ಹಾಕಿದ್ದೆ, ನನ್ನ ಕೈಯಾರೆ. ದಾರೀಲಿ ಒಣಗಿ ತೂಕ ಇಳೀತು. ಅಣ್ಣ ಮೂಟೆಗೆ ಕೈ ಇಕ್ಕಿದ್ದೇ ಗೊತ್ತು ಮಾಡ್ಕೊಂಡ. ನನ್ನ ಮಾನ ಹೋಗ್ಬಾರ್ದು ಅಂತ ಆ ಭೂಮಿ ಕತೆ ಹೇಳ್ದ. ಅವನ ತಕ್ಕಡಿ ಸರಿಯಾಗಿತ್ತು. ಯಾವತ್ತೂ ಸರಿಯಾಗೇ ಇತ್ತು.” ಅಣ್ಣನ ಹೆಗಲ ಮೇಲೆ ಕೈ ಇಟ್ಟು ಹೇಳಿದ. “ಕಳ್ಳ ಅವನಲ್ಲ. ನಾನು.”

ಕೊಡೆಗಳು ಒಂದೊಂದಾಗಿ ಗುಣಿಯ ಹತ್ತಿರಕ್ಕೆ ಸರಿದವು.

ಗಂಗಾಧರಪ್ಪ ಗುಣಿಯೊಳಕ್ಕೆ ಬಗ್ಗಿ ನೋಡಿದ. “ಇನ್ನು ನಿನ್ನ ಗಾಡಿ ಯಾವ ಮಂಡಿ ಮುಂದೇನೂ ನಿಲ್ಲೋ ಹಂಗಿಲ್ಲ ವೀರಭದ್ರಸ್ವಾಮಿ. ಅದು ನಿನಗೂ ಗೊತ್ತು” ಎಂದ ಮೆಲ್ಲಗೆ. ಆಮೇಲೆ ಕೊಡೆಯನ್ನು ಕೆಳಗೆ ಹಾಕಿದ. ಎಕ್ಕಡ ಬಿಟ್ಟು, ಗುಣಿಯ ಅಂಚಿನಲ್ಲಿ ಮಂಡಿಯೂರಿ, ಬೊಗಸೆ ತುಂಬ ಮಣ್ಣು ಬಾಚಿಕೊಂಡ. “ತಪ್ಪಾಯ್ತು ಕಣಯ್ಯ ರುದ್ರಸ್ವಾಮಿ” ಎಂದು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹಿಂದೆ ನಿಂತಿದ್ದ ರೈತರು ಒಬ್ಬೊಬ್ಬರಾಗಿ ತಲೆಯ ಮೇಲಿನ ಟವಲು ತೆಗೆದರು.

ಪುಟ್ಟಮಲ್ಲಮ್ಮನ ಪಕ್ಕದಲ್ಲೇ ಯಶೋದಮ್ಮ ನಿಂತಿದ್ದಳು. “ಇಲ್ಲ, ಅವರಲ್ಲ... ಅದು...” ಎನ್ನುತ್ತ ಮುಂದೆ ಹೋಗಲು ನೋಡಿದಳು. ಪುಟ್ಟಮಲ್ಲಮ್ಮ ಅವಳ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ಸುಮ್ನಿರು. ಅಣ್ಣತಮ್ಮದೀರು ಇಬ್ರೂ ಒಂದೊಂದು ಸುಳ್ಳು ಆಡಾಯ್ತು, ನಾವು ಇನ್ನೇನು ಆಡೋದು?”

ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ತೆಗೆದು ಯಶೋದಮ್ಮನ ಅಂಗೈಗೆ ಇಟ್ಟಳು. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಮಣ್ಣು ಬೆರಳ ಸಂದಿಯಿಂದ ಉದುರಿ ಕಾಲ ಮೇಲೆಲ್ಲ ಬೀಳತೊಡಗಿತು. ಪುಟ್ಟಮಲ್ಲಮ್ಮ ತನ್ನ ಅಂಗೈಯನ್ನು ಅದರ ಕೆಳಗೆ ಆನಿಸಿದಳು. ನಡುಕ ನಿಲ್ಲುವ ತನಕ ಇಬ್ಬರೂ ಹಾಗೇ ಗುಣಿಯ ಅಂಚಿನಲ್ಲಿ ನಿಂತಿದ್ದರು.